ಕರುಳಲ್ಲಿ 100 ಮಿಲಿಮೋಲಾರ್ ಇದ್ದರೆ ಎಫ್‌ಎಫ್‌ಎಆರ್2 ಸದಾ ಆನ್ ಆಗಿಯೇ ಇರಬೇಕಲ್ವಾ?

ಹಾಸನದ_ಫಾರ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬಿ.ಫಾರ್ಮ ಓದಿದವಳು, ಹಾಸನದಲ್ಲಿ ಸಣ್ಣದೊಂದು ಮೆಡಿಕಲ್ ಶಾಪ್ ಇದೆ. ಈಚೆಗೆ ಬ್ಯುಟಿರೇಟ್ ಕ್ಯಾಪ್ಸೂಲ್ ಕೇಳಿಕೊಂಡು ಬರುವವರು ಜಾಸ್ತಿ ಆಗಿದ್ದಾರೆ. ಎಲ್ಲರೂ ರೀಲ್ಸ್ ನೋಡಿ ಬಂದವರೇ. "ಕರುಳಿನ ರಿಸೆಪ್ಟರ್ ಆನ್ ಮಾಡುತ್ತಂತೆ, ಹಸಿವು ಕಮ್ಮಿ ಆಗುತ್ತಂತೆ, ಶುಗರ್ ಇಳಿಯುತ್ತಂತೆ" ಅನ್ನುತ್ತಾರೆ. ಹೂಂ ಅಂದು ಕೊಟ್ಟು ಕಳಿಸಲು ಮನಸ್ಸು ಬರಲಿಲ್ಲ. ಹಳೆಯ ಫಾರ್ಮಕಾಲಜಿ ನೋಟ್ಸ್ ತೆಗೆದೆ, ಒಂದಷ್ಟು ರಿವ್ಯೂ ಪೇಪರ್ ಓದಿದೆ.

ಮೇಲ್ನೋಟದ ಕಥೆ ಅರ್ಥವಾಯಿತು. ನಮಗೆ ಜೀರ್ಣವಾಗದ ನಾರು ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಮಾಡುತ್ತವೆ. ಕ್ರಮವಾಗಿ ಎರಡು, ಮೂರು, ನಾಲ್ಕು ಕಾರ್ಬನ್. ಇವು ಜೀವಕೋಶದ ಮೇಲಿನ ಎಫ್‌ಎಫ್‌ಎಆರ್2, ಎಫ್‌ಎಫ್‌ಎಆರ್3, ಜಿಪಿಆರ್109ಎ ಎಂಬ ರಿಸೆಪ್ಟರ್‌ಗಳಿಗೆ, ಅಂದರೆ ಸಂಕೇತ ಹಿಡಿಯುವ ಪ್ರೋಟೀನ್‌ಗಳಿಗೆ, ಕೂರುತ್ತವೆ. ಎಲ್ಲವೂ ಕೋಶದೊಳಕ್ಕೆ ಸಂಕೇತ ದಾಟಿಸುವ ಜಿ-ಪ್ರೋಟೀನ್ ಜೊತೆ ಕೆಲಸ ಮಾಡುವಂಥವು. ಇಲ್ಲಿಯವರೆಗೆ ಸರಿ.

ಆದರೆ ಒಂದು ಕಡೆ ಲೆಕ್ಕ ಕೂಡುತ್ತಿಲ್ಲ. ದೊಡ್ಡ ಕರುಳಿನೊಳಗೆ ಈ ಆಮ್ಲಗಳು ಒಟ್ಟು 100 ಮಿಲಿಮೋಲಾರ್ ಆಸುಪಾಸು ಇರುತ್ತವೆ ಅಂತ ಓದಿದೆ. ಎಫ್‌ಎಫ್‌ಎಆರ್2ರ ಇಸಿ50 (ಅರ್ಧದಷ್ಟು ಪ್ರತಿಕ್ರಿಯೆ ಬರಲು ಬೇಕಾದ ಸಾಂದ್ರತೆ) ಅರ್ಧ ಮಿಲಿಮೋಲಾರ್‌ಗಿಂತಲೂ ಕಡಿಮೆ. ಅಂದರೆ ಬೇಕಾದದ್ದಕ್ಕಿಂತ ಇನ್ನೂರು ಪಟ್ಟು ಜಾಸ್ತಿ ಸರಕು ಅಲ್ಲಿ ಯಾವಾಗಲೂ ಬಿದ್ದಿದೆ. ಹಾಗಾದರೆ ರಿಸೆಪ್ಟರ್ ಹಗಲು ರಾತ್ರಿ ಆನ್ ಆಗಿಯೇ ಇರಬೇಕಲ್ವಾ? ಮೇಲೊಂದು ಕ್ಯಾಪ್ಸೂಲ್ ಹಾಕಿದರೆ ಅದಕ್ಕೆ ಗೊತ್ತಾಗುವುದಾದರೂ ಹೇಗೆ? ಇನ್ನೊಂದು: ಇಷ್ಟು ಪುಟ್ಟ ಮೂರು ಅಣುಗಳಿಗೆ ಇಷ್ಟೊಂದು ರಿಸೆಪ್ಟರ್ ಯಾಕೆ?

ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. "ಗಟ್ ಹೆಲ್ತ್‌ಗೆ ಒಳ್ಳೆಯದು" ಅನ್ನುವ ಉತ್ತರ ಬೇಡ, ಅದನ್ನು ದಿನಾ ಕೇಳುತ್ತಿದ್ದೇನೆ.

ಮೈಕ್ರೋಲೀಟರ್ ಬರೆದದ್ದು:

ಮೇಡಂ, ಬಹಳ ದಿನಗಳ ಮೇಲೆ ಇಲ್ಲಿ ಇಸಿ50 ನೋಡಿ ಪ್ರಶ್ನೆ ಕೇಳಿದವರು ಸಿಕ್ಕಿದ್ದೀರಿ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ರಿಸೆಪ್ಟರ್ ಅಸ್ಸೇ (ಪರೀಕ್ಷೆ) ಮಾಡುವುದೇ ನನ್ನ ಹೊಟ್ಟೆಪಾಡು. ಈ ಕುಟುಂಬದ ಜೊತೆ ಒಂದಷ್ಟು ಕಾಲ ಗುದ್ದಾಡಿದ್ದೇನೆ. ಬ್ಯುಟಿರಿಕ್ ಆಮ್ಲದ ಬಾಟಲಿಯನ್ನು ಫ್ಯೂಮ್ ಹುಡ್ ಹೊರಗೆ ತೆರೆದರೆ ಇಡೀ ಕಾರಿಡಾರ್‌ಗೆ ಯಾರೋ ವಾಂತಿ ಮಾಡಿದ ವಾಸನೆ. ಕೈಗವಸು ಬಿಸಾಕಿದರೂ ಊಟದ ಹೊತ್ತಿಗೆ ಬೆರಳಲ್ಲಿ ಅದೇ. ಹಾಗಾಗಿ ನಾವೆಲ್ಲ ಸೋಡಿಯಂ ಉಪ್ಪಿನ ರೂಪವನ್ನೇ ತರಿಸುತ್ತೇವೆ. ಕಾರಣ ವಾಸನೆಯೊಂದೇ ಅಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ನಿಮ್ಮ ಲೆಕ್ಕ. 100 ಮಿಲಿಮೋಲಾರ್ ಅನ್ನುವುದು ಕರುಳಿನ ಕೊಳವೆಯ ಒಳಗೆ, ಮಲದಲ್ಲಿ ಇರುವ ಸಾಂದ್ರತೆ. ಬಹುತೇಕ ರಿಸೆಪ್ಟರ್‌ಗಳು ಕಾದು ಕೂತಿರುವ ಜಾಗ ಅದಲ್ಲ.

1987ರಲ್ಲಿ ಜಾನ್ ಕಮಿಂಗ್ಸ್ ಮತ್ತು ಜೊತೆಗಾರರು ಒಂದು ಕೆಲಸ ಮಾಡಿದರು. ಈ ಕ್ಷೇತ್ರದವರು ಇವತ್ತಿಗೂ ಆ ಅಂಕಿಗಳನ್ನೇ ಹೇಳುವುದು. ಹಠಾತ್ತಾಗಿ ತೀರಿಕೊಂಡವರ ದೇಹದಿಂದ, ಸತ್ತು ನಾಲ್ಕು ಗಂಟೆಯೊಳಗೆ, ಕರುಳಿನ ಬೇರೆ ಬೇರೆ ಭಾಗದ ಮಾದರಿ ಮತ್ತು ರಕ್ತ ತೆಗೆದು ಅಳೆದರು. ಬದುಕಿರುವವರಲ್ಲಿ ಕರುಳಿನಿಂದ ಲಿವರ್‌ಗೆ ರಕ್ತ ಒಯ್ಯುವ ಪೋರ್ಟಲ್ ರಕ್ತನಾಳದಿಂದ ಸುಮ್ನೆ ರಕ್ತ ತೆಗೆಯಲು ಆಗುವುದಿಲ್ಲವಲ್ಲ. ದೊಡ್ಡ ಕರುಳಿನ ಶುರುವಿನಲ್ಲಿ, ಅಂದರೆ ಸೀಕಮ್‌ನಲ್ಲಿ, ಒಟ್ಟು ಕಿರು ಸರಪಳಿ ಆಮ್ಲಗಳು, ಅಂದರೆ ನೀವು ಹೇಳಿದ ಮೂರರ ಗುಂಪು, ಕಿಲೋಗೆ 131 ಮಿಲಿಮೋಲ್. ಕೆಳಗಿಳಿಯುವ ಕೊಲನ್‌ನಲ್ಲಿ, ಅಂದರೆ ದೊಡ್ಡ ಕರುಳಿನ ಕೊನೆಯ ಕಡೆ, 80. ಕರುಳಿನ ಗೋಡೆ ದಾಟಿ ಪೋರ್ಟಲ್ ರಕ್ತಕ್ಕೆ ಬಂದರೆ ಲೀಟರ್‌ಗೆ 375 ಮೈಕ್ರೋಮೋಲ್. ಮಿಲಿ ಅಲ್ಲ, ಮೈಕ್ರೋ. ಲಿವರ್ ದಾಟಿದ ಮೇಲೆ 148. ಕೈಕಾಲಿಗೆ ಹರಿಯುವ ರಕ್ತದಲ್ಲಿ 79.

ಗೋಡೆಯ ಈಚೆಗೂ ಆಚೆಗೂ ಮುನ್ನೂರು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಈಗ ನಿಮ್ಮ ಇಸಿ50 ಹಾಕಿ ನೋಡಿ. ಲೆಕ್ಕ ಸುಲಭವಾಗಲಿ ಅಂತ 0.3 ಮಿಲಿಮೋಲಾರ್ ಇಟ್ಟುಕೊಳ್ಳೋಣ, ಹಿಲ್ ಸ್ಲೋಪ್ (ಪ್ರತಿಕ್ರಿಯೆಯ ಗೆರೆ ಎಷ್ಟು ಕಡಿದಾಗಿ ಏರುತ್ತದೆ ಎನ್ನುವ ಅಳತೆ) 1. ಕೊಳವೆಯ ಒಳಗೆ 100 ಇದ್ದರೆ ಪ್ರತಿಕ್ರಿಯೆ 99.7 ಪ್ರತಿಶತ. ಉಪವಾಸ ಬಿದ್ದು ಅದು 50ಕ್ಕೆ ಇಳಿದರೆ 99.4. ಹೀಗಿರುವ ರಿಸೆಪ್ಟರ್‌ನಿಂದ ಏನೂ ಗೊತ್ತಾಗುವುದಿಲ್ಲ, ನೀವು ಹೇಳಿದ್ದೇ ಸರಿ. ಗೋಡೆಯ ಆಚೆಗೆ ಬನ್ನಿ. ಪೋರ್ಟಲ್ ರಕ್ತದ 375ರಲ್ಲಿ ಪ್ರೊಪಿಯೊನೇಟ್ ಪಾಲು ಐದರಲ್ಲಿ ಒಂದು, ಹತ್ತಿರ ಹತ್ತಿರ 80 ಮೈಕ್ರೋಮೋಲಾರ್. ಅದೇ ಇಸಿ50ಗೆ ಪ್ರತಿಕ್ರಿಯೆ 21 ಪ್ರತಿಶತ. ಊಟದಲ್ಲಿ ನಾರು ಹೆಚ್ಚಾಗಿ ಅದು ದುಪ್ಪಟ್ಟಾದರೆ 35. ಈಗ ವ್ಯತ್ಯಾಸ ಕಂಡಿತು ಅಲ್ವಾ?

ಆದ್ದರಿಂದ ಎಫ್‌ಎಫ್‌ಎಆರ್2 ಮತ್ತು 3ನ್ನು ನಾನು ಕರುಳಿನೊಳಗೆ ಏನಿದೆ ಎಂದು ನೋಡುವ ರಿಸೆಪ್ಟರ್ ಅಂದುಕೊಳ್ಳುವುದಿಲ್ಲ. ಗೋಡೆ ದಾಟಿ ಎಷ್ಟು ಬಂತು ಎಂದು ನೋಡುವವು ಅಂದುಕೊಳ್ಳುತ್ತೇನೆ. ಅವು ಇರುವ ಜಾಗಗಳೂ ಅದನ್ನೇ ಹೇಳುತ್ತವೆ. ಎಫ್‌ಎಫ್‌ಎಆರ್2 ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣದ ಮೇಲೆ ಧಾರಾಳವಾಗಿದೆ, ಕೊಬ್ಬಿನ ಕೋಶದಲ್ಲಿದೆ, ಕರುಳಿನ ಹಾರ್ಮೋನ್ ಬಿಡುವ ಎಲ್ ಕೋಶದಲ್ಲಿದೆ. ಎಫ್‌ಎಫ್‌ಎಆರ್3 ಸಿಂಪಥೆಟಿಕ್ ನರಗಂಟುಗಳಲ್ಲಿದೆ, ಪೋರ್ಟಲ್ ನಾಳದ ಸುತ್ತಲಿನ ನರಗಳಲ್ಲಿದೆ. ಎಲ್ ಕೋಶ ಬಿಟ್ಟರೆ, ಮಲವನ್ನೇ ಮುಟ್ಟದ ಜಾಗಗಳು ಇವು.

ಗೋಡೆಯಲ್ಲೇ ಇನ್ನೊಂದು ಜರಡಿ ಇದೆ. ಬ್ಯುಟಿರೇಟನ್ನು ಕೊಲನ್‌ನ ಹೊರಪದರದ ಕೋಶಗಳು ಉರುವಲಾಗಿ ಸುಟ್ಟುಬಿಡುತ್ತವೆ. ಅವುಗಳ ಮುಖ್ಯ ಇಂಧನವೇ ಅದು ಎಂದು ವಿಲಿಯಂ ರೋಡಿಗರ್ 1980ರಲ್ಲೇ ತೋರಿಸಿದ್ದರು. ಅದಕ್ಕೇ ಅನುಪಾತ ಹೇಗೆ ಬದಲಾಗುತ್ತದೆ ನೋಡಿ. ಕರುಳಿನ ಒಳಗೆ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ 57:22:21. ಪೋರ್ಟಲ್ ರಕ್ತದಲ್ಲಿ 71:21:8. ಪ್ರೊಪಿಯೊನೇಟನ್ನು ಲಿವರ್ ಹಿಡಿದುಕೊಳ್ಳುತ್ತದೆ. ಕೊನೆಗೆ ಕೈಕಾಲಿನ ರಕ್ತದಲ್ಲಿ 91:5:4. ಅಂದರೆ ಬ್ಯುಟಿರೇಟ್ ಅಲ್ಲಿ ಬರೀ ಮೂರು ಮೈಕ್ರೋಮೋಲಾರ್. ರೀಲ್ಸ್‌ನಲ್ಲಿ "ಬ್ಯುಟಿರೇಟ್ ಮೆದುಳಿನ ರಿಸೆಪ್ಟರ್‌ಗೆ ಹೋಗುತ್ತದೆ" ಅನ್ನುವವರಿಗೆ ಈ ಒಂದು ಅಂಕಿ ತೋರಿಸಿ.

ಇನ್ನು ಜಿಪಿಆರ್109ಎ. ಇದರ ಕಥೆ ಬೇರೆ. 2003ರಲ್ಲಿ ಇದು ನಯಾಸಿನ್‌ನ (ವಿಟಮಿನ್ ಬಿ3) ರಿಸೆಪ್ಟರ್ ಎಂದು ಗೊತ್ತಾಯಿತು. ನಯಾಸಿನ್ ಮಾತ್ರೆ ತೆಗೆದುಕೊಂಡವರ ಮುಖ ಕೆಂಪಾಗಿ ಉರಿಯುವುದು ನಿಮಗೆ ಗೊತ್ತೇ ಇದೆ. ಅದು ಚರ್ಮದಲ್ಲಿ ಇದೇ ರಿಸೆಪ್ಟರ್ ಮಾಡುವ ಕೆಲಸ. ಬ್ಯುಟಿರೇಟ್ ಇದಕ್ಕೆ ಕೂರುತ್ತದೆ, ಆದರೆ ಮಿಲಿಮೋಲಾರ್ ಮಟ್ಟದಲ್ಲಿ ಮಾತ್ರ. ಅಸಿಟೇಟನ್ನು ಇದು ತಿರುಗಿಯೂ ನೋಡುವುದಿಲ್ಲ. 2009ರಲ್ಲಿ ತಂಗರಾಜು ಮತ್ತು ಗಣಪತಿ ಅವರ ಗುಂಪು ಇದು ಕೊಲನ್ ಕೋಶದ ಒಳಮುಖದಲ್ಲಿ, ಅಂದರೆ ಮಲ ಹರಿಯುವ ಕಡೆಗೇ ಇದೆ ಎಂದು ತೋರಿಸಿತು. ಸಾಂದ್ರತೆ ಜಾಸ್ತಿ ಇರುವ ಕಡೆ ಮಂದ ಕಿವಿಯ ರಿಸೆಪ್ಟರ್, ಕಡಿಮೆ ಇರುವ ಕಡೆ ಚುರುಕು ಕಿವಿಯದು. ನಿಮ್ಮ ಎರಡನೇ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಉಳಿದರ್ಧ ಮೂತ್ರಪಿಂಡದಲ್ಲಿ. ನನಗೆ ಇದರಲ್ಲೆಲ್ಲ ಅತಿ ಇಷ್ಟದ ಭಾಗ ಇದು. ವಾಸನೆ ಹಿಡಿಯುವ ರಿಸೆಪ್ಟರ್ ಕುಟುಂಬದ ಒಂದು ಸದಸ್ಯ, ಇಲಿಯಲ್ಲಿ ಓಎಲ್‌ಎಫ್‌ಆರ್78, ಮೂಗಿನ ಜೊತೆಗೆ ಮೂತ್ರಪಿಂಡದಲ್ಲೂ ಸಿಕ್ಕಿತು. ಅದೂ ರಕ್ತದೊತ್ತಡ ಏರಿಸುವ ರೆನಿನ್ ಬಿಡುವ ಜಾಗದಲ್ಲಿ. ಜೆನಿಫರ್ ಪ್ಲುಜ್ನಿಕ್ ಮತ್ತು ಸಂಗಡಿಗರು 2013ರಲ್ಲಿ ಇದು ಅಸಿಟೇಟ್, ಪ್ರೊಪಿಯೊನೇಟ್‌ಗೆ ಓಗೊಡುತ್ತದೆ ಎಂದು ಪ್ರಕಟಿಸಿದರು. ಇಲಿಗೆ ಪ್ರೊಪಿಯೊನೇಟ್ ಕೊಟ್ಟರೆ ರಕ್ತದೊತ್ತಡ ತಟ್ಟನೆ ಇಳಿಯುತ್ತದೆ. ಓಎಲ್‌ಎಫ್‌ಆರ್78 ಇಲ್ಲದ ಇಲಿಯಲ್ಲಿ ಇನ್ನೂ ಜಾಸ್ತಿ ಇಳಿಯುತ್ತದೆ. ಅಂದರೆ ಅದು ಒತ್ತಡವನ್ನು ಮೇಲೆತ್ತಲು ನೋಡುತ್ತಿತ್ತು. ಇಳಿಸುವ ಕಡೆಗೆ ಎಳೆಯುವುದು ಎಫ್‌ಎಫ್‌ಎಆರ್3. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಕಥೆ, ಆದರೆ ಇಲ್ಲಿ ಇಬ್ಬರೂ ಬೇಕು. ಓಎಲ್‌ಎಫ್‌ಆರ್78 ಎಚ್ಚರವಾಗಲು ಹೆಚ್ಚು ಸಾಂದ್ರತೆ ಬೇಕು, ಪ್ರೊಪಿಯೊನೇಟ್ ಒಂದು ಮಿಲಿಮೋಲಾರ್ ಹತ್ತಿರ. ಒತ್ತಡ ತೀರಾ ಕುಸಿಯದಂತೆ ಹಿಡಿಯುವ ಬ್ರೇಕ್ ಇದು ಎನ್ನುವುದು ಅವರ ವಾದ. ಮನುಷ್ಯರಲ್ಲಿ ಇದರ ಜೋಡಿ ಓಆರ್51ಇ2. 2023ರಲ್ಲಿ ಪ್ರೊಪಿಯೊನೇಟ್ ಹಿಡಿದುಕೊಂಡಿರುವ ಇದರ ಆಕಾರವನ್ನು ಕ್ರಯೋ-ಇಎಂ ಎಂಬ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ವಿಧಾನದಲ್ಲಿ ತೆಗೆದರು. ಮನುಷ್ಯರ ವಾಸನೆ ರಿಸೆಪ್ಟರ್ ಒಂದರ ರಚನೆ ಕಣ್ಣಿಗೆ ಕಂಡದ್ದು ಅದೇ ಮೊದಲು.

ಹಿಡಿಯುವ ಬಗೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಆಮ್ಲದ ತಲೆಗೆ ಋಣ ಚಾರ್ಜ್ ಇದೆ. ರಿಸೆಪ್ಟರ್‌ನ ಗುಳಿಯಲ್ಲಿ ಧನ ಚಾರ್ಜಿನ ಆರ್ಜಿನೈನ್ ಎಂಬ ಅಮೈನೋ ಆಮ್ಲ ಕಾಯುತ್ತಿರುತ್ತದೆ. ಎಫ್‌ಎಫ್‌ಎಆರ್2, 3ರಲ್ಲಿ ಎರಡು ಆರ್ಜಿನೈನ್. ಅವುಗಳಲ್ಲಿ ಒಂದನ್ನು ಬದಲಿಸಿದರೂ ರಿಸೆಪ್ಟರ್ ಕಿವುಡಾಗುತ್ತದೆ. ಬಾಲ ಎಷ್ಟು ಉದ್ದ ಹಿಡಿಸುತ್ತದೆ ಎನ್ನುವುದನ್ನು ಗುಳಿಯ ಉಳಿದ ಭಾಗ ತೀರ್ಮಾನಿಸುತ್ತದೆ. ಎಫ್‌ಎಫ್‌ಎಆರ್2ಗೆ ಅಸಿಟೇಟ್ ಚೆನ್ನಾಗಿ ಒಗ್ಗುತ್ತದೆ. ಎಫ್‌ಎಫ್‌ಎಆರ್3ಗೆ ಪ್ರೊಪಿಯೊನೇಟ್, ಬ್ಯುಟಿರೇಟ್ ಇಷ್ಟ, ಅಸಿಟೇಟ್ ಅಷ್ಟಕ್ಕಷ್ಟೆ.

ಈ ಕುಟುಂಬ ಸಿಕ್ಕಿದ್ದೇ ಬೇರೇನೋ ಹುಡುಕುವಾಗ. 1997ರಲ್ಲಿ ಗ್ಯಾಲನಿನ್ ಎಂಬ ನರ ಪೆಪ್ಟೈಡ್‌ನ ಹೊಸ ರಿಸೆಪ್ಟರ್ ಹುಡುಕುತ್ತಿದ್ದವರಿಗೆ 19ನೇ ಕ್ರೋಮೋಸೋಮ್‌ನಲ್ಲಿ ಸಾಲಾಗಿ ಜಿಪಿಆರ್40, 41, 42, 43 ಸಿಕ್ಕವು. ಏನಕ್ಕೆ ಓಗೊಡುತ್ತವೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. 2003ರಲ್ಲಿ ಮೂರು ಗುಂಪುಗಳು ಬೇರೆ ಬೇರೆಯಾಗಿ ಒಂದೇ ಉತ್ತರಕ್ಕೆ ಬಂದವು. 41 ಈಗಿನ ಎಫ್‌ಎಫ್‌ಎಆರ್3, 43 ಈಗಿನ ಎಫ್‌ಎಫ್‌ಎಆರ್2. ಸಂಖ್ಯೆ ಅದಲುಬದಲು ಆಗಿದೆ, ಪೇಪರ್ ಓದುವಾಗ ಹುಷಾರು.

ಒಳಗಿನ ಸಂಕೇತಕ್ಕೆ ಬಂದರೆ, ಎಫ್‌ಎಫ್‌ಎಆರ್3 ಜಿಐ ಎಂಬ ಜಿ-ಪ್ರೋಟೀನಿನ ದಾರಿ ಮಾತ್ರ ಹಿಡಿಯುತ್ತದೆ, ಕೋಶದೊಳಗಿನ ಸೈಕ್ಲಿಕ್ ಎಎಂಪಿ ಎಂಬ ಸಂಕೇತ ಅಣುವನ್ನು ಇಳಿಸುತ್ತದೆ. ಎಫ್‌ಎಫ್‌ಎಆರ್2ಗೆ ಎರಡು ದಾರಿ: ಜಿಐ ಮತ್ತು ಜಿಕ್ಯೂ. ಜಿಕ್ಯೂ ಹಿಡಿದರೆ ಕ್ಯಾಲ್ಸಿಯಂ ಏರುತ್ತದೆ. ನಮ್ಮ ಅಸ್ಸೇಯಲ್ಲಿ ಇದು ಸಲೀಸಾಗಿ ಕಾಣುತ್ತದೆ. ಕೋಶಗಳಿಗೆ ಪರ್ಟುಸಿಸ್ ಟಾಕ್ಸಿನ್ ಕೊಟ್ಟು ರಾತ್ರಿಯಿಡೀ ಬಿಟ್ಟರೆ ಜಿಐ ಬಂದ್. ಬೆಳಿಗ್ಗೆ ಪ್ರೊಪಿಯೊನೇಟ್ ಹಾಕಿದಾಗ ಎಫ್‌ಎಫ್‌ಎಆರ್3 ಪ್ಲೇಟ್ ಸತ್ತ ಹಾಗೆ ಇರುತ್ತದೆ, ಎಫ್‌ಎಫ್‌ಎಆರ್2 ಪ್ಲೇಟ್‌ನಲ್ಲಿ ಕ್ಯಾಲ್ಸಿಯಂ ಡೈ ಇನ್ನೂ ಹೊಳೆಯುತ್ತದೆ. ಎಲ್ ಕೋಶದಲ್ಲೂ ಹೀಗೇ. ಕೇಂಬ್ರಿಡ್ಜ್‌ನ ಗ್ರಿಬಲ್ ಮತ್ತು ರೈಮನ್ ಅವರ ಲ್ಯಾಬ್ 2012ರಲ್ಲಿ ಇಲಿಯ ಕೊಲನ್ ಕೋಶ ಬೆಳೆಸಿ, ಈ ಆಮ್ಲಗಳಿಂದ ಕ್ಯಾಲ್ಸಿಯಂ ಏರಿ ಹಸಿವು, ಶುಗರ್ ತಗ್ಗಿಸುವ ಜಿಎಲ್‌ಪಿ-1 ಹಾರ್ಮೋನ್ ಹೊರಬರುವುದನ್ನು ತೋರಿಸಿತು. ಎಫ್‌ಎಫ್‌ಎಆರ್2 ಇಲ್ಲದ ಇಲಿಯಲ್ಲಿ ಆ ಬಿಡುಗಡೆ ಕುಗ್ಗಿತು. ನಿಮ್ಮ ಗಿರಾಕಿಗಳ "ಹಸಿವು ಕಮ್ಮಿ, ಶುಗರ್ ಕಮ್ಮಿ" ಮಾತಿನ ಮೂಲ ಇದು. ಇಲಿಯ ಕೋಶದಿಂದ ಹಾಸನದ ಕೌಂಟರ್‌ವರೆಗೆ ಅದು ಎಷ್ಟು ದೂರ ನಡೆದು ಬಂದಿದೆ ನೋಡಿ.

ಪಿಜಿ_ರೆಸಿಡೆಂಟ್ ಬರೆದದ್ದು:

ಮೈಕ್ರೋಲೀಟರ್ ಸರ್, ಸಾಂದ್ರತೆಯ ಲೆಕ್ಕ ಒಪ್ಪಿದೆ. ಆದರೆ ನೀವು ರಿಸೆಪ್ಟರ್‌ಗೆ ಸ್ವಲ್ಪ ಜಾಸ್ತಿಯೇ ಮಾರ್ಕ್ಸ್ ಕೊಡುತ್ತಿದ್ದೀರಿ ಅನ್ನಿಸಿತು. ಬ್ಯುಟಿರೇಟ್ ಕೋಶದೊಳಗೆ ನುಗ್ಗಿ ಎಚ್‌ಡಿಎಸಿ ಕಿಣ್ವಗಳನ್ನು ತಡೆಯುತ್ತದಲ್ಲ? ಎಂಸಿಟಿ1, ಎಸ್‌ಎಂಸಿಟಿ1 ಎಂಬ ಸಾಗಣೆ ಪ್ರೋಟೀನ್‌ಗಳು ಅದನ್ನು ಒಳಗೆ ಬಿಡುತ್ತವೆ. ಆ ಕಿಣ್ವಗಳು ಅಳಿಸುತ್ತಿದ್ದ, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್‌ಗಳ ಮೇಲಿನ ಅಸಿಟೈಲ್ ಗುರುತು ಹೆಚ್ಚಾಗಿ ಜೀನ್‌ಗಳೇ ಬೇರೆ ಥರ ಓದಿಸಿಕೊಳ್ಳುತ್ತವೆ. ಇದಕ್ಕೆ ಯಾವ ರಿಸೆಪ್ಟರೂ ಬೇಡ.

2013ರಲ್ಲಿ, ರೋಗನಿರೋಧಕ ವ್ಯವಸ್ಥೆಗೆ ಕಡಿವಾಣ ಹಾಕುವ ಟಿ-ರೆಗ್ ಕೋಶಗಳ ಬಗ್ಗೆ ಕೆಲವೇ ತಿಂಗಳಲ್ಲಿ ಮೂರು ದೊಡ್ಡ ಪೇಪರ್ ಬಂದವು. ಈ ಆಮ್ಲಗಳು ಕೊಲನ್‌ನ ಟಿ-ರೆಗ್ ಹೆಚ್ಚಿಸುತ್ತವೆ ಎನ್ನುವುದರಲ್ಲಿ ಮೂರೂ ಒಂದೇ. ಕಾರಣದಲ್ಲಿ ಮಾತ್ರ ಬೇರೆ. ಹಾರ್ವರ್ಡ್‌ನ ಗ್ಯಾರೆಟ್ ಗುಂಪು ಎಫ್‌ಎಫ್‌ಎಆರ್2 ಬೇಕೇಬೇಕು ಎಂದಿತು. ಜಪಾನಿನ ಗುಂಪು ಬ್ಯುಟಿರೇಟ್ ನೇರವಾಗಿ ಟಿ-ರೆಗ್ ರೂಪಿಸುವ ಫಾಕ್ಸ್‌ಪಿ3 ಜೀನಿನ ಹಿಸ್ಟೋನ್ ಬದಲಿಸುವುದನ್ನು ತೋರಿಸಿತು. ರುಡೆನ್‌ಸ್ಕಿ ಗುಂಪಿನ ಪೇಪರ್ ಕೂಡ ಎಚ್‌ಡಿಎಸಿ ಕಡೆಗೇ ವಾಲಿತ್ತು. ಪರೀಕ್ಷೆಯಲ್ಲಿ ಬಂದರೆ ಯಾವುದು ಬರೆಯಬೇಕು ಅಂತ ನಮಗೇ ತಲೆಬಿಸಿ.

ರೋಗಿಗಳ ಕಡೆಯಿಂದ ಒಂದು ಮಾತು. ಕೊಲಾಸ್ಟಮಿ, ಅಂದರೆ ಕರುಳನ್ನು ಹೊಟ್ಟೆಯ ಮೇಲೆ ತೆರೆಯುವ ಶಸ್ತ್ರಚಿಕಿತ್ಸೆ, ಮಾಡಿದ ಮೇಲೆ ಕೆಳಗಿನ ಕರುಳಿಗೆ ಮಲ ಹೋಗುವುದು ನಿಲ್ಲುತ್ತದೆ. ಆ ತುಂಡಿನಲ್ಲಿ ಉರಿಯೂತ ಬರುವುದುಂಟು, ಡೈವರ್ಶನ್ ಕೊಲೈಟಿಸ್ ಅನ್ನುತ್ತೇವೆ. 1989ರಲ್ಲಿ ಹ್ಯಾರಿಗ್ ಮತ್ತು ಜೊತೆಯವರು ಈ ಆಮ್ಲಗಳ ದ್ರಾವಣವನ್ನೇ ಆ ತುಂಡಿಗೆ ಬಿಟ್ಟಾಗ ಉರಿಯೂತ ತಗ್ಗಿತು, ಸಲೈನ್‌ಗೆ ತಗ್ಗಲಿಲ್ಲ. ರೋಗಿಗಳು ಬೆರಳೆಣಿಕೆಯಷ್ಟು. 1991ರಲ್ಲಿ ಈ ಆಮ್ಲಗಳ ಮಿಶ್ರಣದ ಎನಿಮಾವನ್ನು ಸಲೈನ್ ಜೊತೆ ಹೋಲಿಸಿ ನೋಡಿದಾಗ ಲಾಭ ಕಾಣಲಿಲ್ಲ. ರಿಸೆಪ್ಟರ್‌ಗಳ ಹೆಸರೇ ಗೊತ್ತಿಲ್ಲದ ಕಾಲ ಅದು. ಇಂಧನ ಸಿಗದೆ ಕೋಶಗಳು ಸೊರಗಿದವು ಎಂದಷ್ಟೇ ವಿವರಣೆ. ಈಗಲೂ ನನಗೆ ಆ ವಿವರಣೆಯೇ ಹೆಚ್ಚು ಸರಿ ಕಾಣುತ್ತದೆ.

ಮೈಕ್ರೋಲೀಟರ್ ಬರೆದದ್ದು:

ಡಾಕ್ಟ್ರೇ, ಒಪ್ಪುತ್ತೇನೆ. ಬ್ಯುಟಿರೇಟ್ ಇರುವ ಯಾವ ಪ್ರಯೋಗವನ್ನೂ "ರಿಸೆಪ್ಟರ್‌ನಿಂದ ಆಯಿತು" ಎಂದು ನೇರವಾಗಿ ಹೇಳಬಾರದು. ಅದಕ್ಕೇ ಬಿಡಿಸಿ ನೋಡುವ ಉಪಾಯಗಳಿವೆ. ಟ್ರೈಕೋಸ್ಟಾಟಿನ್ ಎ ಹಾಕಿ. ಅದು ಎಚ್‌ಡಿಎಸಿ ತಡೆಯುತ್ತದೆ, ಈ ರಿಸೆಪ್ಟರ್ ಮುಟ್ಟುವುದಿಲ್ಲ. ಅದರಿಂದಲೂ ಅದೇ ಫಲ ಬಂದರೆ ರಿಸೆಪ್ಟರ್ ಮೇಲೆ ಅನುಮಾನ ಪಡಿ. ಜಿಪಿಆರ್109ಎಗೆ ನಯಾಸಿನ್ ಹಾಕಿ. ಅದು ರಿಸೆಪ್ಟರ್‌ಗೆ ಕೂರುತ್ತದೆ, ಎಚ್‌ಡಿಎಸಿ ತಂಟೆಗೆ ಹೋಗುವುದಿಲ್ಲ.

ಇದರಲ್ಲೆಲ್ಲ ಸೊಗಸಾದ ಉಪಾಯ ಗ್ಲಾಸ್ಗೋದ ಗ್ರೇಮ್ ಮಿಲಿಗನ್ ಲ್ಯಾಬಿನದು. ಮನುಷ್ಯರ ಎಫ್‌ಎಫ್‌ಎಆರ್2ರ ಗುಳಿಯನ್ನು ಸ್ವಲ್ಪ ಬದಲಿಸಿದರು. ಈಗ ಅದು ಅಸಿಟೇಟ್, ಪ್ರೊಪಿಯೊನೇಟ್‌ಗೆ ಓಗೊಡುವುದಿಲ್ಲ. ಸೋರ್ಬಿಕ್ ಆಮ್ಲಕ್ಕೆ ಮಾತ್ರ ಓಗೊಡುತ್ತದೆ. ಹೌದು, ಸಾಸ್ ಬಾಟಲಿ ಮೇಲೆ ಬರೆದಿರುತ್ತದಲ್ಲ, ಕೆಡದಂತೆ ಹಾಕುವ ಅದೇ ಸೋರ್ಬಿಕ್ ಆಮ್ಲ. ಇಲಿಯ ಸ್ವಂತ ರಿಸೆಪ್ಟರ್ ಜಾಗದಲ್ಲಿ ಇದನ್ನು ಕೂರಿಸಿದರು. ಕರುಳಿನ ಬ್ಯಾಕ್ಟೀರಿಯಾ ಎಷ್ಟೇ ಆಮ್ಲ ಮಾಡಿದರೂ ಈ ಇಲಿಯ ಎಫ್‌ಎಫ್‌ಎಆರ್2 ಸುಮ್ಮನಿರುತ್ತದೆ. 2019ರ ಆ ಪೇಪರಿನಲ್ಲಿ ಸೋರ್ಬಿಕ್ ಆಮ್ಲ ಕೊಟ್ಟಾಗ ಜಿಎಲ್‌ಪಿ-1 ಹೊರಬಂತು. ಹಾಗಾಗಿ ಹಾರ್ಮೋನ್ ವಿಷಯದಲ್ಲಿ ಎಫ್‌ಎಫ್‌ಎಆರ್2ಗೆ ನಾನು ಕೊಟ್ಟ ಮಾರ್ಕ್ಸ್ ವಾಪಸ್ ತೆಗೆದುಕೊಳ್ಳುವುದಿಲ್ಲ. ಟಿ-ರೆಗ್ ವಿಷಯ ನೀವೇ ಇಟ್ಟುಕೊಳ್ಳಿ.

ಉರಿಯೂತದ ವಿಷಯ ನಿಮಗಿಂತ ನನಗೇ ಜಾಸ್ತಿ ತಲೆನೋವು. 2009ರಲ್ಲಿ ಆಸ್ಟ್ರೇಲಿಯಾದ ಮ್ಯಾಕೇ ಗುಂಪು ಎಫ್‌ಎಫ್‌ಎಆರ್2 ಇಲ್ಲದ ಇಲಿಗೆ ಕೊಲೈಟಿಸ್ ಜೋರಾಗುತ್ತದೆ ಎಂದಿತು. ಅದೇ ವರ್ಷ ಜರ್ಮನಿಯ ಇನ್ನೊಂದು ಗುಂಪು, ದೀರ್ಘಕಾಲದ ಕೊಲೈಟಿಸ್‌ನಲ್ಲಿ ಈ ರಿಸೆಪ್ಟರ್ ಇಲ್ಲದಿದ್ದರೆ ನ್ಯೂಟ್ರೋಫಿಲ್‌ಗಳು ಅಲ್ಲಿಗೆ ಬರುವುದೇ ಕಮ್ಮಿ, ಹಾನಿಯೂ ಕಮ್ಮಿ ಎಂದಿತು. ಗ್ಯಾಲಪಾಗೋಸ್ ಎಂಬ ಕಂಪನಿ ಎರಡನೆಯದರ ಮೇಲೆ ದುಡ್ಡು ಹಾಕಿತು. ಜಿಎಲ್‌ಪಿಜಿ0974 ಎಂಬ ಅವರ ಔಷಧಿ ಎಫ್‌ಎಫ್‌ಎಆರ್2ನ್ನು ಆನ್ ಮಾಡುವುದಲ್ಲ, ಆಫ್ ಮಾಡುವುದು. ಅಲ್ಸರೇಟಿವ್ ಕೊಲೈಟಿಸ್ ರೋಗಿಗಳಿಗೆ ಕೊಟ್ಟು ನೋಡಿದರು. ನ್ಯೂಟ್ರೋಫಿಲ್ ಕಡಿಮೆಯಾದವು, ರೋಗಿಗಳಿಗೆ ಹೇಳಿಕೊಳ್ಳುವ ಲಾಭ ಆಗಲಿಲ್ಲ. ಅಲ್ಲಿಗೆ ಬಿಟ್ಟರು. ಇನ್ನೂ ಒಂದು ಎಡವಟ್ಟು ಅಂದರೆ ಈ ಅಣು ಮನುಷ್ಯರ ರಿಸೆಪ್ಟರ್‌ಗೆ ಮಾತ್ರ ಕೂರುತ್ತದೆ. ಇಲಿಯದಕ್ಕೆ ಕೂರುವುದೇ ಇಲ್ಲ. ಇಲಿಯಲ್ಲಿ ಪರೀಕ್ಷೆ ಮಾಡಿ ನೋಡೋಣ ಅನ್ನುವ ದಾರಿಯೇ ಬಂದ್.

ಹಾಗಾಗಿ ಮೇಡಂ, "ರಿಸೆಪ್ಟರ್ ಆನ್ ಆದರೆ ಒಳ್ಳೆಯದು" ಅನ್ನುವ ಮಾತಿಗೆ ಅಂಗಡಿಯಲ್ಲಿ ತಲೆ ಆಡಿಸಬೇಡಿ. ಒಂದೇ ರಿಸೆಪ್ಟರನ್ನು ಆಫ್ ಮಾಡಿ ಅದೇ ರೋಗ ವಾಸಿ ಮಾಡಲು ಕೋಟಿಗಟ್ಟಲೆ ಸುರಿದವರಿದ್ದಾರೆ.

ಅಜ್ಜಿಮನೆ_ತುಪ್ಪ ಬರೆದದ್ದು:

ಇಷ್ಟೆಲ್ಲ ಓದಿ ತಲೆ ತಿರುಗಿತು. ನಾನು ಸೈನ್ಸ್ ಓದಿದವನಲ್ಲ. ನಮ್ಮ ಮನೆ ತುಪ್ಪದಲ್ಲೇ ಬ್ಯುಟಿರೇಟ್ ಇದೆಯಂತಲ್ಲ, ದಿನಾ ಎರಡು ಚಮಚ ಅನ್ನಕ್ಕೆ ಹಾಕಿಕೊಂಡರೆ ಸಾಕಲ್ವಾ? ಕ್ಯಾಪ್ಸೂಲ್‌ಗೆ ದುಡ್ಡು ಯಾಕೆ ದಂಡ?

ಹಾಸನದ_ಫಾರ್ಮ ಬರೆದದ್ದು:

ತುಪ್ಪದ ಪ್ರಶ್ನೆಗೆ ನಾನೇ ಉತ್ತರಿಸುತ್ತೇನೆ, ಇದನ್ನು ಕೌಂಟರ್‌ನಲ್ಲಿ ಕೇಳಿ ಕೇಳಿ ಲೆಕ್ಕ ಹಾಕಿಟ್ಟುಕೊಂಡಿದ್ದೇನೆ. ಹಾಲಿನ ಕೊಬ್ಬಿನಲ್ಲಿ ಬ್ಯುಟಿರಿಕ್ ಆಮ್ಲ ತೂಕದಲ್ಲಿ 3ರಿಂದ 4 ಪ್ರತಿಶತ. ದೊಡ್ಡ ಚಮಚ ತುಪ್ಪ 14 ಗ್ರಾಂ ಅಂದರೆ ಸಿಗುವುದು ಅರ್ಧ ಗ್ರಾಂ. ಅದೂ ಕೊಬ್ಬಿನಿಂದ ಬೇಗ ಕಳಚಿಕೊಳ್ಳುವ ಜಾಗದಲ್ಲಿ ಕೂತಿದೆ. ಹೊಟ್ಟೆಯಲ್ಲೇ, ಸಣ್ಣ ಕರುಳಲ್ಲೇ ಬಿಡಿಯಾಗಿ, ಹೀರಿಕೊಂಡು, ನೇರ ಲಿವರ್‌ಗೆ. ದೊಡ್ಡ ಕರುಳಿನ ಬಾಗಿಲಿಗೂ ಬರುವುದಿಲ್ಲ. ಅದೇ ನಮ್ಮ ಕೊಲನ್‌ನಲ್ಲಿ ದಿನಕ್ಕೆ ಈ ಆಮ್ಲಗಳು ಒಟ್ಟು 500 ಮಿಲಿಮೋಲ್ ಆಸುಪಾಸು ತಯಾರಾಗುತ್ತವೆ ಅನ್ನುವ ಅಂದಾಜಿದೆ. ಐದನೇ ಒಂದು ಪಾಲು ಬ್ಯುಟಿರೇಟ್ ಅಂದರೂ ಎಂಟು ಗ್ರಾಂ ದಾಟುತ್ತದೆ. ತುಪ್ಪ ರುಚಿಗೆ ಹಾಕಿಕೊಳ್ಳಿ ಅಣ್ಣ, ರಿಸೆಪ್ಟರ್ ಹೆಸರಲ್ಲಿ ಬೇಡ.

ಮೈಕ್ರೋಲೀಟರ್ ಅವರಿಗೆ ತುಂಬಾ ಥ್ಯಾಂಕ್ಸ್. ಗೋಡೆಯ ಈಚೆ, ಆಚೆ ಅನ್ನುವ ಲೆಕ್ಕದಿಂದ ಗಂಟು ಬಿಚ್ಚಿತು. ಇನ್ನೆರಡು ಉಳಿದಿವೆ. ಕ್ಯಾಪ್ಸೂಲ್ ಕೂಡ ತುಪ್ಪದ ಹಾಗೆಯೇ ಸಣ್ಣ ಕರುಳಲ್ಲಿ ಮುಗಿದುಹೋಗುವುದಿಲ್ಲವೇ? ಮತ್ತೆ, ಸೋಡಿಯಂ ಉಪ್ಪು ಬಳಸಲು ಬೇರೆ ಕಾರಣ ಇದೆ ಅಂದಿರಿ, ಹೇಳಲೇ ಇಲ್ಲ.

ಪಿಜಿ_ರೆಸಿಡೆಂಟ್ ಬರೆದದ್ದು:

ಸೋಡಿಯಂ ಅಂದಾಗ ನೆನಪಾಯಿತು. ನಮ್ಮ ಪಕ್ಕದಲ್ಲೇ ಆದ ಒಂದು ಕೆಲಸ ಇಲ್ಲಿ ಹೇಳಲೇಬೇಕು. ವೆಲ್ಲೂರಿನ ಸಿಎಂಸಿಯಲ್ಲಿ ಬಿ.ಎಸ್. ರಾಮಕೃಷ್ಣ ಅವರ ತಂಡ ಕಾಲರಾ ರೋಗಿಗಳಿಗೆ ಓಆರ್‌ಎಸ್ ಜೊತೆ ಜೀರ್ಣವಾಗದ ಮೆಕ್ಕೆಜೋಳದ ಪಿಷ್ಟ ಬೆರೆಸಿ ಕೊಟ್ಟಿತು, ಲೀಟರ್‌ಗೆ 50 ಗ್ರಾಂ. ಪಿಷ್ಟ ಕೊಲನ್‌ಗೆ ಹೋಗಿ ಹುದುಗುತ್ತದೆ. ಅಲ್ಲಿ ತಯಾರಾದ ಆಮ್ಲಗಳು ಹೀರಿಕೊಳ್ಳುವಾಗ ಸೋಡಿಯಂ ಮತ್ತು ನೀರನ್ನೂ ಒಳಗೆಳೆಯುತ್ತವೆ. ಕಾಲರಾ ವಿಷ ಸೈಕ್ಲಿಕ್ ಎಎಂಪಿ ಏರಿಸಿ ಬೇರೆ ದಾರಿ ಮುಚ್ಚಿದರೂ ಈ ದಾರಿ ತೆರೆದೇ ಇರುತ್ತದೆ. ಮಾಮೂಲಿ ಓಆರ್‌ಎಸ್ ಕುಡಿದವರಿಗಿಂತ ಇವರಿಗೆ ಭೇದಿಯ ಪ್ರಮಾಣ ಕಡಿಮೆಯಾಯಿತು, ಬೇಗ ನಿಂತಿತು. 2000ನೇ ಇಸವಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಬಂತು. ಗಮನಿಸಿ, ಇಲ್ಲಿ ಕೆಲಸ ಮಾಡಿದ್ದು ಸಾಗಣೆ ಪ್ರೋಟೀನ್‌ಗಳು. ರಿಸೆಪ್ಟರ್ ಕಥೆ ಎಲ್ಲೂ ಬರುವುದಿಲ್ಲ.

ಮೈಕ್ರೋಲೀಟರ್ ಬರೆದದ್ದು:

ಆಹಾ, ವೆಲ್ಲೂರಿನ ಪೇಪರ್ ನೆನಪಿಸಿದ್ದು ಒಳ್ಳೆಯದಾಯಿತು. ಈ ಇಡೀ ವಿಷಯದಲ್ಲಿ ರೋಗಿಗೆ ನೇರ ಉಪಯೋಗ ಕಂಡ ಕೆಲವೇ ಕೆಲಸಗಳಲ್ಲಿ ಅದೊಂದು.

ಮೇಡಂ, ಕ್ಯಾಪ್ಸೂಲ್ ಬಗ್ಗೆ ನಿಮ್ಮ ಅನುಮಾನ ಸರಿ. ಬರೀ ಸೋಡಿಯಂ ಬ್ಯುಟಿರೇಟ್ ಆದರೆ ಮೇಲೆಯೇ ಮುಗಿಯುತ್ತದೆ. ಅದಕ್ಕೇ ಕೋಟಿಂಗ್ ಹಾಕುತ್ತಾರೆ. ಲೇಬಲ್‌ನಲ್ಲಿ ಎಲ್ಲಿ ಕರಗುತ್ತದೆ ಎಂದು ಬರೆದಿದೆಯಾ ನೋಡಿ. ಬರೆದಿಲ್ಲ ಅಂದರೆ ಗಿರಾಕಿಗೆ ಹಾಗೆಂದೇ ಹೇಳಿ. ಪ್ರಮಾಣವನ್ನೂ ನಿಮ್ಮ ಎಂಟು ಗ್ರಾಂ ಪಕ್ಕ ಇಟ್ಟು ತೋರಿಸಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಗ್ಯಾರಿ ಫ್ರಾಸ್ಟ್ ಗುಂಪು ಇದಕ್ಕೊಂದು ಉಪಾಯ ಮಾಡಿತು. ಪ್ರೊಪಿಯೊನೇಟನ್ನು ಇನುಲಿನ್ ಎಂಬ ನಾರಿಗೆ ರಾಸಾಯನಿಕವಾಗಿ ಅಂಟಿಸಿತು. ಕೊಲನ್‌ನ ಬ್ಯಾಕ್ಟೀರಿಯಾ ಕಡಿದಾಗ ಮಾತ್ರ ಅದು ಬಿಡುಗಡೆಯಾಗುತ್ತದೆ. ತೂಕ ಹೆಚ್ಚಿರುವ 60 ಜನರಿಗೆ ದಿನಕ್ಕೆ 10 ಗ್ರಾಂನಂತೆ 24 ವಾರ ಕೊಟ್ಟು, ಬರೀ ಇನುಲಿನ್ ಜೊತೆ ಹೋಲಿಸಿದರು. 2015ರಲ್ಲಿ ಬಂದ ಫಲಿತಾಂಶ: ತೂಕ ಏರುವುದು ಕಡಿಮೆಯಾಯಿತು. ಇಳಿಯಿತು ಅಂತಲ್ಲ, ಏರುವುದು ಕಡಿಮೆಯಾಯಿತು. ರೀಲ್ಸ್ ಮಾಡುವವರು ಈ ಎರಡಕ್ಕೂ ವ್ಯತ್ಯಾಸ ಮಾಡುವುದಿಲ್ಲ.

ಗಿರಾಕಿ ಪಟ್ಟು ಹಿಡಿದರೆ ಹುರುಳಿ, ಅವರೆ, ರಾಗಿ ಕಡೆ ಕೈ ತೋರಿಸಿ. ಬೇಯಿಸಿ ಆರಿದ ಅನ್ನದಲ್ಲೂ ಜೀರ್ಣವಾಗದ ಪಿಷ್ಟ ಸ್ವಲ್ಪ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಅನ್ನುತ್ತದೆ. ಒಮ್ಮೆಗೇ ಏರಿಸಬೇಡಿ ಅಂತಲೂ ಹೇಳಿ, ಇಲ್ಲವಾದರೆ ಹೊಟ್ಟೆ ಉಬ್ಬರಿಸಿಕೊಂಡು ವಾಪಸ್ ನಿಮ್ಮ ಅಂಗಡಿಗೇ ಬರುತ್ತಾರೆ, ಗ್ಯಾಸ್ ಮಾತ್ರೆಗೆ.

ಸೋಡಿಯಂ ವಿಷಯ. ಈ ಆಮ್ಲಗಳ ಪಿಕೆಎ (ಆಮ್ಲದ ಅರ್ಧ ಭಾಗ ಪ್ರೋಟಾನ್ ಕಳೆದುಕೊಳ್ಳುವ ಪಿಎಚ್) 4.8ರ ಸುತ್ತಮುತ್ತ. ಕೋಶಗಳ ಮೀಡಿಯಂಗೆ 10 ಮಿಲಿಮೋಲಾರ್ ಶುದ್ಧ ಆಮ್ಲ ಸುರಿದರೆ ಪಿಎಚ್ ಕುಸಿಯುತ್ತದೆ. ಮೀಡಿಯಂನ ಕೆಂಪು ಬಣ್ಣ ಹಳದಿಯಾಗುತ್ತದೆ, ಕೋಶಗಳು ಗಾಬರಿಯಾಗುತ್ತವೆ. ಆಮೇಲೆ ಕಂಡ ಪ್ರತಿಕ್ರಿಯೆ ರಿಸೆಪ್ಟರ್‌ದೋ ಹುಳಿಯದೋ ಹೇಳಲಾಗುವುದಿಲ್ಲ. ಉಪ್ಪಿನ ರೂಪದಲ್ಲಿ ಆ ಕಾಟ ಇಲ್ಲ. ಆದರೆ ಜೊತೆಗೆ 10 ಮಿಲಿಮೋಲಾರ್ ಸೋಡಿಯಂ ಕೂಡ ಹೋಗುತ್ತದೆ. ಹಾಗಾಗಿ ಪಕ್ಕದ ಬಾವಿಗಳಿಗೆ ಅಷ್ಟೇ ಸೋಡಿಯಂ ಕ್ಲೋರೈಡ್ ಹಾಕಬೇಕು. ರಿಸೆಪ್ಟರೇ ಇಲ್ಲದ ಎಚ್‌ಇಕೆ ಎಂಬ ಲ್ಯಾಬ್ ಕೋಶಗಳಿಗೂ ಅದೇ ಪ್ರೊಪಿಯೊನೇಟ್ ಹಾಕಿ ಇನ್ನೊಂದು ಸಾಲು. ಯಾವುದಾದರೂ ಪೇಪರಿನಲ್ಲಿ ಈ ಎರಡು ಸಾಲು ಕಾಣದಿದ್ದರೆ ನಾನು ಮುಂದಿನ ಚಿತ್ರಕ್ಕೆ ಹೋಗುವುದಿಲ್ಲ. ನೀವು ಓದಿದ ರಿವ್ಯೂಗಳಲ್ಲಿ ಹೇಳಿರುವ ಮೂಲ ಪೇಪರ್‌ಗಳನ್ನು ತೆಗೆಯುವಾಗ ಮೊದಲು ಇದನ್ನೇ ಹುಡುಕಿ. ಪಿಡಿಎಫ್ ಸಿಗದಿದ್ದರೆ ಇಲ್ಲೇ ಕೇಳಿ, ಯಾರಾದರೂ ದಾರಿ ಹೇಳುತ್ತಾರೆ.